ಮೂರನೇ ಮಳೆಯ ನೀರು

ನೀರಿನ ಬಾಟಲಿ ಒಳಗೆ ಬಿಡುವುದಿಲ್ಲ ಎಂದ ಕಾವಲುಗಾರ. ಬಾಗಿಲ ಪಕ್ಕದಲ್ಲಿ ನೀಲಿ ಪ್ಲಾಸ್ಟಿಕ್ ಬುಟ್ಟಿ ಇಟ್ಟಿದ್ದರು. ಅದರಲ್ಲಿ ಆಗಲೇ ಐದಾರು ಬಾಟಲಿಗಳು ಬಿದ್ದಿದ್ದವು. ನನ್ನ ಹೆಂಡತಿ ಗಿರಿಜಾ ಕೈಚೀಲವನ್ನು ಎದೆಗೆ ಒತ್ತಿ ಹಿಡಿದುಕೊಂಡು ಗುಜರಾತಿಯಲ್ಲಿ ಅವನಿಗೆ ಏನೇನೋ ಹೇಳಿ ನೋಡಿದಳು. ಅವನು ಸಿಟ್ಟಾಗಲಿಲ್ಲ, ಗೋಡೆಯ ಮೇಲಿನ ಫಲಕ ತೋರಿಸಿದ. ತಿಂಡಿ ನೀರು ಒಳಗೆ ತರಬಾರದು, ವಸ್ತುಗಳನ್ನು ಮುಟ್ಟಬಾರದು, ಉಯ್ಯಾಲೆಯ ಮೇಲೆ ಕೂರಬಾರದು. ಆ ಫಲಕ ಹಾಕಲು ಗೋಡೆಯಲ್ಲಿ ಜಾಗ ಗುರುತು ಮಾಡಿದವನು ನಾನೇ.

"ನೀವು ಹೋಗಿ ಬರ್ರಿ. ನಾ ಇಲ್ಲೇ ಕೂಡ್ತೀನಿ," ಎಂದಳು ಗಿರಿಜಾ.

"ಬಾಟ್ಲಿ ಬುಟ್ಟ್ಯಾಗ ಇಟ್ಟು ಬಾ. ಯಾರು ಒಯ್ತಾರ ಅದನ್ನ?"

"ಬುಟ್ಟ್ಯಾಗ ಇಡೂದಕ್ಕ ಇಲ್ಲೀತನಕಾ ತಂದೇನೇನ್ರಿ ನಾನು?"

ಆ ಸ್ಟೀಲ್ ಬಾಟಲಿಯಲ್ಲಿದ್ದ ನೀರನ್ನು ನಾವು ಕುಡಿಯಲು ತಂದಿರಲಿಲ್ಲ. ಅದು ಇದೇ ಮನೆಯ ನೀರು. ಎಂಟು ವರ್ಷದಿಂದ ನಮ್ಮ ಜೊತೆ ಅಹಮದಾಬಾದಿನಿಂದ ರಾಯಪುರಕ್ಕೆ, ಅಲ್ಲಿಂದ ನಾನು ನಿವೃತ್ತನಾದ ಮೇಲೆ ಧಾರವಾಡಕ್ಕೆ ತಿರುಗಿದೆ. ಈಗ ಗಿರಿಜಾಳ ತಂಗಿಯ ಮಗನ ಮದುವೆಗೆಂದು ವಡೋದರಾಕ್ಕೆ ಬಂದವರು, ಒಂದು ದಿನ ಬಿಡುವು ಮಾಡಿಕೊಂಡು ಅಹಮದಾಬಾದಿಗೆ ಬಂದಿದ್ದೆವು. ಮದುವೆಗೆ ಏನು ಉಡುಗೊರೆ ಕೊಡಬೇಕೆಂದು ಅವಳು ಯೋಚಿಸಿದ್ದಕ್ಕಿಂತ ಈ ಬಾಟಲಿಯನ್ನು ಹೇಗೆ ಕಟ್ಟಿಕೊಳ್ಳಬೇಕೆಂದು ಯೋಚಿಸಿದ್ದೇ ಹೆಚ್ಚು.

ನಾನೊಬ್ಬನೇ ಹೊಸ್ತಿಲು ದಾಟಿದೆ. ಮಳೆಗಾಲಕ್ಕೆ ಮುಂಚೆ ಗೋಡೆಗೆ ಸುಣ್ಣ ಬಳಿದಿದ್ದರು. ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿದದ್ದೇ ತಡ, ಆ ವರ್ಷದ ಬೇಸಿಗೆ ಮತ್ತು ಮಳೆಗಾಲ ಒಟ್ಟಿಗೇ ಎದ್ದು ಬಂದವು.

ಈ ಮನೆ ಗುಜರಾತಿನ ಒಬ್ಬ ದೊಡ್ಡ ಲೇಖಕರು ಹುಟ್ಟಿ ಬೆಳೆದ ಮನೆ. ಅವರು ತೀರಿಕೊಂಡು ಬಹಳ ವರ್ಷಗಳಾಗಿದ್ದವು. ನಾನಂತೂ ಅವರದ್ದೊಂದು ಪುಟವನ್ನೂ ಓದಿರಲಿಲ್ಲ. ಹಳೆಯ ಅಹಮದಾಬಾದಿನಲ್ಲಿ ಪೋಳ್ ಎನ್ನುತ್ತಾರೆ, ಒಂದೇ ದೊಡ್ಡ ಬಾಗಿಲೊಳಗೆ ಮನೆಗೆ ಮನೆ ಅಂಟಿಕೊಂಡಿರುವ ಇಕ್ಕಟ್ಟಿನ ಓಣಿಗೆ. ಅಂಥದೊಂದು ಪೋಳ್‌ನಲ್ಲಿ ಮೂರಂತಸ್ತಿನ ಮರದ ಮನೆ. ಅದನ್ನು ಸ್ಮಾರಕ ಮಾಡಬೇಕೆಂದು ಒಂದು ಸಮಿತಿ ಆಯಿತು. ದುರಸ್ತಿ ಕೆಲಸ ನಾನು ಎಂಜಿನಿಯರಾಗಿದ್ದ ಕೇಂದ್ರದ ಕಟ್ಟಡ ಇಲಾಖೆಗೆ ಬಂತು. ವಡೋದರಾದಲ್ಲಿ ನಾಲ್ಕು ವರ್ಷ ಕಳೆದು ಆಗಷ್ಟೇ ಅಹಮದಾಬಾದಿನ ವಸ್ತ್ರಾಪುರದ ಕ್ವಾರ್ಟರ್ಸಿಗೆ ಬಂದಿದ್ದ ನನ್ನ ಕೊರಳಿಗೆ ಅದನ್ನು ಕಟ್ಟಿದರು.

ಮನೆಯಲ್ಲಿ ಒಬ್ಬರೇ ಇದ್ದರು, ಲೇಖಕರ ತಮ್ಮನ ಹೆಂಡತಿ ಕಾಂತಾಬಾ. 'ಬಾ' ಎಂದರೆ ಗುಜರಾತಿಯಲ್ಲಿ ಅಮ್ಮ, ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು. ವಯಸ್ಸು ಎಂಬತ್ತರ ಹತ್ತಿರ. ಮದುವೆಯಾಗಿ ಬಂದ ದಿನದಿಂದ ಅದೇ ಮನೆ. ಉಳಿದ ಹಕ್ಕುದಾರರೆಲ್ಲ ಒಪ್ಪಿಗೆ ಕೊಟ್ಟಿದ್ದರು, ಇವರ ಸಹಿ ಒಂದೇ ಬಾಕಿ. ನಮ್ಮ ಕಚೇರಿಯಿಂದ ಇಬ್ಬರು ಹೋಗಿ ಸೋತು ಬಂದಿದ್ದರು. ಕಾಂತಾಬಾಗೆ ಹಿಂದಿ ಬರುತ್ತಿತ್ತು, ಸರ್ಕಾರದವರ ಜೊತೆ ಮಾತ್ರ ಬರುತ್ತಿರಲಿಲ್ಲ. ನನಗೆ ಗುಜರಾತಿ ಬಾರದು. ನಾಲ್ಕು ವರ್ಷದಲ್ಲಿ ನಾನು ಕಲಿತದ್ದು ರಿಕ್ಷಾದವನಿಗೆ ನಿಲ್ಲಿಸು ಎನ್ನುವಷ್ಟು. ಗಿರಿಜಾ ಹಾಗಲ್ಲ. ವಡೋದರಾದ ತರಕಾರಿ ಗಾಡಿಗಳ ಮುಂದೆ, ಮಧ್ಯಾಹ್ನದ ಕಟ್ಟೆಗಳ ಮೇಲೆ ಕೂತು ಆ ಭಾಷೆಯನ್ನು ಪೂರ್ತಿ ತನ್ನದು ಮಾಡಿಕೊಂಡಿದ್ದಳು. ಒಂದು ದಿನ ನಾನು ಅವಳನ್ನೇ ಕರೆದುಕೊಂಡು ಹೋದೆ. ಅದು ನನ್ನ ಜಾಣತನ ಎಂದು ಆಗ ಅನಿಸಿತ್ತು.

ಗಿರಿಜಾ ಉಯ್ಯಾಲೆಯ ಮೇಲೆ ಕಾಂತಾಬಾ ಪಕ್ಕ ಕೂತಳು. ನನಗೆ ಕುರ್ಚಿ. ಕುಡಿಯಲು ನೀರು ಬಂತು. ತಣ್ಣಗೆ, ಹಗುರವಾಗಿ, ಸ್ವಲ್ಪ ಸಿಹಿ ಅನಿಸುವ ನೀರು. ಗಿರಿಜಾ ಎರಡನೇ ಲೋಟ ಕೇಳಿದಳು. ಆಮೇಲೆ ಇಬ್ಬರೂ ಒಂದು ತಾಸು ಮಾತಾಡಿದರು. ನನ್ನ ಕೆಲಸದ ಸುದ್ದಿ ಅದರಲ್ಲಿ ಬಂದ ಹಾಗೇ ಕಾಣಲಿಲ್ಲ. ಕೊನೆಗೆ ಗಿರಿಜಾ ನನ್ನ ಕಡೆ ತಿರುಗಿದಳು.

"ಬಾ ಸಹಿ ಮಾಡ್ತಾರಂತ. ಎರಡು ಮಾತು ನಡಸ್ಕೊಡಬೇಕಂತ. ಮ್ಯಾಲಿನ ಹಿಂದಿನ ಖೋಲಿ ಅವರಿಗೇ ಇರಬೇಕು. ಪ್ರತಿ ಮಳಿಗಾಲಕ್ಕ ಟಾಂಕಾ ತುಂಬಬೇಕು. ಅವರು ಅದರ ನೀರ ಬಿಟ್ಟು ಬ್ಯಾರೆ ಕುಡಿಯಂಗಿಲ್ಲ."

ಟಾಂಕಾ ಎಂದರೆ ಅಂಥ ಮನೆಗಳ ನಡುಮಧ್ಯದ ತೆರೆದ ಅಂಗಳದ ಕೆಳಗಿರುವ ನೆಲಮಾಳಿಗೆಯಂಥ ತೊಟ್ಟಿ. ಮಾಳಿಗೆಯ ಮಳೆನೀರು ಪೈಪಿನಲ್ಲಿ ಇಳಿದು ಅದರೊಳಗೆ ಕೂಡುತ್ತದೆ. ಮೇಲೆ ಒಂದು ಹಿತ್ತಾಳೆ ಮುಚ್ಚಳ. ಬೆಳಕು ತಾಗದಿದ್ದರೆ ನೀರು ವರ್ಷಗಟ್ಟಲೆ ಕೆಡುವುದಿಲ್ಲ. ನನ್ನ ಕೈಯಲ್ಲಿದ್ದ ನಕ್ಷೆಯ ಮೊದಲ ಹಾಳೆಯಲ್ಲಿ 'ಟಾಂಕಾ ಖಾಲಿ ಮಾಡಿ ಶುಚಿಗೊಳಿಸುವುದು' ಎಂದಿತ್ತು. ಶುಚಿ ಮಾಡುವುದು ತುಂಬುವುದಕ್ಕಲ್ಲದೆ ಇನ್ಯಾಕೆ?

"ಆಗ್ತದ ಅಂತ ಹೇಳು," ಎಂದೆ.

ಗಿರಿಜಾ ಹೇಳಿದಳು. ಕಾಂತಾಬಾ ಕನ್ನಡಕ ಹಾಕಿಕೊಂಡು, ಅಕ್ಷರ ಅಕ್ಷರ ಬಿಡಿಸಿ ತಮ್ಮ ಹೆಸರು ಬರೆದರು. ಆ ಎರಡು ಮಾತು ಕಾಗದದಲ್ಲಿ ಇರಲಿಲ್ಲ. ಅವರು ಕೇಳಲೂ ಇಲ್ಲ. ಗಿರಿಜಾಳ ಬಾಯಿಂದ ಬಂದದ್ದು ಅವರಿಗೆ ಸಾಕಾಗಿತ್ತು.

ಇಲ್ಲಿ ನನ್ನ ತಪ್ಪನ್ನು ನೇರವಾಗಿ ಹೇಳಿಬಿಡುತ್ತೇನೆ. ನಕ್ಷೆಯಲ್ಲಿ ನಾಲ್ಕು ಹಾಳೆಗಳಿದ್ದವು. ನಮ್ಮ ಇಲಾಖೆಯಲ್ಲಿ ನಕ್ಷೆಗೆ ಸಹಿ ಹಾಕುವುದೆಂದರೆ ಬಲಗಡೆ ಕೆಳಮೂಲೆಯ ಚೌಕ ಹುಡುಕಿ, ಮೇಲಿನವರ ಸಹಿ ಇದೆಯೋ ನೋಡಿ, ಅದರ ಕೆಳಗೆ ನಮ್ಮದು ಗೀಚುವುದು. ಮೂವತ್ತು ವರ್ಷ ಹೀಗೇ ಮಾಡಿದ್ದೆ. ಒಂದು ಕಟ್ಟಡವೂ ಬಿದ್ದಿರಲಿಲ್ಲ. ನಾಲ್ಕನೇ ಹಾಳೆ ಚರಂಡಿಯದ್ದು. ಚರಂಡಿಯ ಹಾಳೆಯನ್ನು ಯಾರು ನೋಡುತ್ತಾರೆ? ನಾಲ್ಕಕ್ಕೂ ಒಂದೇ ಉಸಿರಿನಲ್ಲಿ ಸಹಿ ಹಾಕಿ ಕೆಲಸ ಶುರು ಮಾಡಿಸಿದೆ.

ಮೇ ತಿಂಗಳ ಉರಿಬಿಸಿಲಲ್ಲಿ ಟಾಂಕಾ ಖಾಲಿ ಮಾಡಿದೆವು. ಕಾಂತಾಬಾಗೆ ಅದು ಹಬ್ಬ. ಅವರು ಬೀರುವಿನಿಂದ ಮರದ ಚೌಕಟ್ಟಿನ ಕನ್ನಡಿ ತೆಗೆದುಕೊಂಡು ಬಂದು ಅಂಗಳದಲ್ಲಿ ಮಣೆ ಹಾಕಿಕೊಂಡು ಕೂತರು. ನೆತ್ತಿಯ ಮೇಲಿನ ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ಟಾಂಕಾದ ಬಾಯೊಳಗೆ ಬಿಟ್ಟರು. ಒಳಗೆ ಇಳಿದಿದ್ದ ಇಬ್ಬರು ಆಳುಗಳಿಗೆ ಅದೇ ದೀಪ. ಅವರು ಎಡಮೂಲೆ ಎಂದರೆ ಕನ್ನಡಿ ಒಂದು ಬೆರಳು ಈ ಕಡೆ, ಬಲಮೂಲೆ ಎಂದರೆ ಒಂದು ಬೆರಳು ಆ ಕಡೆ. ವರ್ಷಕ್ಕೊಮ್ಮೆ ಮಾತ್ರ ಆ ತೊಟ್ಟಿ ಬೆಳಕು ಕಾಣುತ್ತದಂತೆ. ನಾನು ವರದಿಗೆ ಬೇಕಾಗುತ್ತದೆಂದು ಫೋಟೊ ತೆಗೆದೆ.

ಲೇಖಕರು ಚಿಕ್ಕಂದಿನಲ್ಲಿ ಈ ಟಾಂಕಾದೊಳಗೆ ಇಳಿದದ್ದು, ಕತ್ತಲಲ್ಲಿ ತನ್ನ ಹೆಸರು ಕೂಗಿ ಅದು ಮರಳಿ ಬಂದಾಗ ಬೆಚ್ಚಿದ್ದು, ಇದೆಲ್ಲ ಗುಜರಾತಿನ ಶಾಲೆಗಳಲ್ಲಿ ಪಾಠವಾಗಿತ್ತಂತೆ. ಗಿರಿಜಾ ಅದನ್ನು ಕೇಳಿದ್ದಕ್ಕೆ ಕಾಂತಾಬಾ ಸೆರಗು ಬಾಯಿಗೆ ಹಿಡಿದು ನಕ್ಕರು.

"ಏನಂತಾರ?" ಎಂದೆ.

"ಅವರು ಇಳದೇ ಇಲ್ಲಂತ್ರಿ. ಅಂಜುಬುರುಕರಂತ. ಇಳದಾವ್ರು ಬಾ ಅವರ ಯಜಮಾನ್ರು. ಅಣ್ಣ ಮ್ಯಾಲೆ ಕೂತು ಕನ್ನಡಿ ಹಿಡೀತಿದ್ರಂತ. ತಮ್ಮ ಬಂದು ಹೇಳಿದ್ದನ್ನ ಆಮ್ಯಾಲೆ ತಮ್ಮದಂತ ಬರದಾರಂತ."

"ಬಾಗೆ ಸಿಟ್ಟಿಲ್ಲೇನು?"

ಗಿರಿಜಾ ಕೇಳಿ ಹೇಳಿದಳು. "ಕನ್ನಡಿ ಹಿಡಿಯೂದೂ ಕೆಲಸಾನ ಅಂತಾರ."

ಆ ಮನೆಯಲ್ಲಿ ಇನ್ನೊಂದು ಪದ್ಧತಿ ಇತ್ತು. ಟಾಂಕಾ ಖಾಲಿ ಮಾಡುವಾಗ ಹಳೆಯ ನೀರು ಒಂದು ಕೊಡ ಎತ್ತಿಡಬೇಕು. ಹೊಸ ಮಳೆನೀರು ತುಂಬಿದ ಮೇಲೆ ಅದನ್ನು ಒಳಗೆ ಹುಯ್ಯಬೇಕು. ಹಾಲಿಗೆ ಹೆಪ್ಪು ಹಾಕುವ ಹಾಗೆ. ಅತ್ತೆ ಹಾಗೆ ಮಾಡುತ್ತಿದ್ದರು, ಅವರ ಅತ್ತೆಯೂ ಮಾಡುತ್ತಿದ್ದರು. ಆ ಲೆಕ್ಕದಲ್ಲಿ ಈ ಮನೆ ಕಟ್ಟಿದ ದಿನದ ಮಳೆಯ ಒಂದು ಹನಿಯಾದರೂ ಅದರಲ್ಲಿ ಇದ್ದೇ ಇರಬೇಕು ಎಂದು ಕಾಂತಾಬಾ ನಂಬಿದ್ದರು. ಎಂಜಿನಿಯರಾಗಿ ನನಗೆ ನಗು ಬಂದಿತ್ತು. ಹಿತ್ತಾಳೆ ಕೊಡಕ್ಕೆ ಬಟ್ಟೆ ಕಟ್ಟಿ, ಮೇಲಿನ ಖೋಲಿಯ ಕತ್ತಲ ಮೂಲೆಯಲ್ಲಿ ಇಟ್ಟರು.

ಜೂನ್ ಕೊನೆಗೆ ಮೊದಲ ಮಳೆ ಬಂತು. ಕಾಂತಾಬಾ ಅದನ್ನು ಮುಟ್ಟಲಿಲ್ಲ. ಮೊದಲನೆಯದು ಮಾಳಿಗೆ ತೊಳೆಯುವುದಕ್ಕೆ, ಎರಡನೆಯದು ಪೈಪು ತೊಳೆಯುವುದಕ್ಕೆ, ಮೂರನೇ ಮಳೆಯ ನೀರು ಟಾಂಕಾಕ್ಕೆ. ಅಲ್ಲಿಯವರೆಗೆ ಪೈಪಿನ ಕೆಳತುದಿಯ ಬಾಗಿದ ತುಂಡು, ಅಂದರೆ ಮೊಣಕೈ, ಚರಂಡಿ ಕಡೆ ತಿರುಗಿರಬೇಕು. ಮೂರನೇ ಮಳೆಯ ದಿನ ಅದನ್ನು ಟಾಂಕಾದ ಕಡೆ ತಿರುಗಿಸುವುದು ಮನೆಯ ಸೊಸೆಯ ಕೆಲಸ.

ಮೂರನೇ ಮಳೆಯ ದಿನ ಮಧ್ಯಾಹ್ನ ನಾನು ಅಲ್ಲೇ ಇದ್ದೆ. ಗಿರಿಜಾ ಇರಲಿಲ್ಲ. ಮಳೆ ಜೋರಾಗಿ ಹಿಡಿದ ಕೂಡಲೇ ಕಾಂತಾಬಾ ಸೀರೆ ಮೇಲೆ ಸಿಕ್ಕಿಸಿಕೊಂಡು ಅಂಗಳಕ್ಕೆ ಇಳಿದರು. ಬಗ್ಗಿ ಪೈಪಿನ ಮೊಣಕೈಗೆ ಎರಡೂ ಕೈ ಹಾಕಿದರು. ಅದು ತಿರುಗಲಿಲ್ಲ. ಸೆರಗಿನಿಂದ ಒರೆಸಿ ಮತ್ತೆ ತಿರುಗಿಸಿದರು. ನಾನು ಹತ್ತಿರ ಹೋಗಿ ನೋಡಿದೆ. ಅದು ಹಳೆಯ ಪೈಪೇ ಅಲ್ಲ. ಹಿಂದಿನ ವಾರ ನಾನು ವರದಿ ಬರೆಯುತ್ತ ಕಚೇರಿಯಲ್ಲಿ ಕೂತಿದ್ದಾಗ ಕಂತ್ರಾಟುದಾರನ ಜನ ಹೊಸದು ಹಾಕಿ, ನೇರ ಓಣಿಯ ಚರಂಡಿಗೆ ಜೋಡಿಸಿ, ಬುಡಕ್ಕೆ ಸಿಮೆಂಟು ಮೆತ್ತಿದ್ದರು. ಬಣ್ಣ ಮಾತ್ರ ಹಳೆಯ ಹಾಗೇ ಬಳಿದಿದ್ದರು. ಕಾಂತಾಬಾ ತಲೆಯೆತ್ತಿ ನನ್ನನ್ನು ನೋಡಿದರು. ಅವರ ಕನ್ನಡಕದ ಮೇಲೆಲ್ಲ ನೀರು. ಆವತ್ತು ಮೊದಲ ಸಲ ನನ್ನ ಜೊತೆ ಹಿಂದಿಯಲ್ಲಿ ಮಾತಾಡಿದರು.

"ಭಾಯಿ, ಯೇ ಘೂಮ್ತಾ ನಹೀ ಹೈ."

ತಿರುಗುತ್ತಿಲ್ಲ, ಅಷ್ಟೇ. ದೂರು ಹೇಳಿದ್ದಲ್ಲ, ಎಂಜಿನಿಯರನ ಹತ್ತಿರ ಸಹಾಯ ಕೇಳಿದ್ದು. ನಾನು ಕೊಡೆ ಮಡಚಿಟ್ಟು, ಮಂಡಿಯೂರಿ, ತಿರುಗುವುದಿಲ್ಲವೆಂದು ಚೆನ್ನಾಗಿ ಗೊತ್ತಿದ್ದ ಆ ಪೈಪನ್ನು ತಿರುಗಿಸುವ ಹಾಗೆ ಮಾಡಿದೆ. ಆ ಹೊತ್ತಿಗೆ ಬೇರೇನೂ ತೋಚಲಿಲ್ಲ. ನಾಚಿಕೆ ಆಗುತ್ತದೆ ಈಗ ನೆನೆಸಿಕೊಂಡರೆ.

ಮರುದಿನ ಸಾಹೇಬರ ಎದುರು ನಿಂತೆ. ಅವರು ನಾಲ್ಕನೇ ಹಾಳೆ ಬಿಡಿಸಿಟ್ಟರು. ಟಾಂಕಾದ ಬಾಯಿಗೆ ದಪ್ಪ ಗಾಜು. ಒಳಗೆ ದೀಪ. ಜನ ಬಗ್ಗಿ ನೋಡಬೇಕು, ಕೂಗಿ ಕೇಳಬೇಕು. ಲೇಖಕರ ಪಾಠದಲ್ಲಿ ಬರುವ ಟಾಂಕಾ ಅಲ್ಲವೇ, ಸ್ಮಾರಕಕ್ಕೆ ಅದೇ ಕೇಂದ್ರ ಎಂದು ಸಮಿತಿ ನಿರ್ಧರಿಸಿತ್ತು. ವಿದ್ಯುತ್ ಇರುವಲ್ಲಿ ನೀರು ಬರಬಾರದು. ಬಲಗಡೆ ಕೆಳಮೂಲೆಯಲ್ಲಿ ನನ್ನ ಸಹಿ ಇತ್ತು. ಸಾಹೇಬರು ಒಳ್ಳೆಯವರು, ಅದರ ಮೇಲೆ ಬೆರಳಿಟ್ಟು ತೋರಿಸಲಿಲ್ಲ. ಸುಮ್ಮನೆ ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಸಮಿತಿಗೆ ನಾನು ಮೂರು ಪತ್ರ ಬರೆದೆ. ಒಂದಕ್ಕೆ ಉತ್ತರ ಬಂತು, ನಿಮ್ಮ ಸಲಹೆಯನ್ನು ಮುಂದಿನ ಹಂತದಲ್ಲಿ ಪರಿಶೀಲಿಸಲಾಗುವುದು ಎಂದು.

ಆ ಮಳೆಗಾಲ ಪೂರ್ತಿ ನಾನು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಗಿರಿಜಾ ಕೇಳುತ್ತಿದ್ದಳು.

"ಪೈಪ್ ತಗದಾರೇನ್ರಿ?"

"ಇಲ್ಲ."

ಅವಳು ಜಗಳ ಮಾಡಿದ್ದರೆ ಚೆನ್ನಾಗಿತ್ತು. ಒಂದೇ ಒಂದು ಸಲ, ಚಪಾತಿ ಬೇಯಿಸುತ್ತ, ನನ್ನ ಕಡೆ ನೋಡದೆ ಹೇಳಿದಳು. "ನಿಮಗ ಗುಜರಾತಿ ಬಂದಿದ್ರ ನೀವ ಹೇಳ್ತಿದ್ರಿ. ಅವಾಗ ಅದು ಸರ್ಕಾರದ ಮಾತಾಗ್ತಿತ್ತು, ಅವರು ನಂಬ್ತಿರಲಿಲ್ಲ. ನನ್ನ ಬಾಯಿಲೆ ಹೇಳಿಸಿದ್ರಿ."

ಅದು ನಿಜ.

ಟಾಂಕಾ ಖಾಲಿ ಮಾಡುವಾಗ ತುಂಬಿಟ್ಟುಕೊಂಡಿದ್ದ ಕುಡಿಯುವ ನೀರು ಮುಗಿದ ಮೇಲೆ ಕಾಂತಾಬಾ ಮಾಳಿಗೆಯ ಅಂಚಿಗೆ ಪಾತ್ರೆಗಳನ್ನು ಇಟ್ಟು ಮಳೆನೀರು ಹಿಡಿದರು. ಗಿರಿಜಾ ಬಸ್ಸಿನಲ್ಲಿ ಹೋಗಿ ಅವರ ಜೊತೆ ಕೊಡ ಎತ್ತಿಡುತ್ತಿದ್ದಳು. ಆದರೆ ತೆರೆದ ಪಾತ್ರೆಗಳಲ್ಲಿ ಮಳೆಗಾಲವನ್ನು ಎಷ್ಟು ದಿನ ಕೂಡಿಡಲು ಆಗುತ್ತದೆ? ಅಷ್ಟರಲ್ಲಿ ಇನ್ನೊಂದು ಆದೇಶ ಬಂತು. ಮರದ ಮನೆ, ಬೆಂಕಿಯ ಅಪಾಯ, ಮೇಲಿನ ಖೋಲಿಯಲ್ಲಿ ಒಲೆ ಹಚ್ಚುವಂತಿಲ್ಲ. ಆ ಕಾಗದವನ್ನು ಕೊಟ್ಟು ಬರಲು ನನ್ನನ್ನೇ ಕಳಿಸಿದರು. ಕಾಂತಾಬಾ ಓದಿ, ಮಡಚಿ, ದೇವರ ಗೂಡಿನಲ್ಲಿ ಇಟ್ಟರು. ಸರ್ಕಾರದ ಕಾಗದ ಎಲ್ಲೆಲ್ಲೋ ಇಡಬಾರದೆಂದು ಅವರ ಭಾವನೆ.

ಒಲೆಯೂ ಇಲ್ಲವಾದ ಮೇಲೆ, ಶ್ರಾವಣದಲ್ಲಿ ಅವರ ಮಗಳು ಬಂದು ಸೂರತ್ತಿಗೆ ಕರೆದುಕೊಂಡು ಹೋದಳು. ಹೊರಡುವ ದಿನ ಕಾಂತಾಬಾ ಮೇಲಿನಿಂದ ಆ ಹಿತ್ತಾಳೆ ಕೊಡ ತಾವೇ ಹೊತ್ತು ತಂದು ಗಿರಿಜಾಳ ಕೈಗೆ ಕೊಟ್ಟರು. ನೀನು ಇಲ್ಲೇ ಹತ್ತಿರ ಇರುತ್ತೀಯ, ಅವರು ಪೈಪ್ ತೆಗೆದ ದಿನ ಟಾಂಕಾ ತುಂಬಿದ ಮೇಲೆ ಇದನ್ನು ಹುಯ್ಯಬೇಕು, ಮೂರನೇ ಮಳೆ ಎನ್ನುವುದು ಮರೆಯಬಾರದು. ಇಷ್ಟು ಹೇಳಿದ್ದು. ಗಿರಿಜಾ ಕೊಡ ಸೊಂಟದ ಮೇಲಿಟ್ಟುಕೊಂಡು ರಿಕ್ಷಾದಲ್ಲಿ ಕೂತಳು. ವಸ್ತ್ರಾಪುರ ಬರುವವರೆಗೂ ಒಂದು ಹನಿ ಚೆಲ್ಲದ ಹಾಗೆ ಹಿಡಿದಿದ್ದಳು.

ದೀಪಾವಳಿಗೆ ನಾವು ಸೂರತ್ತಿಗೆ ಹೋಗಿ ಅವರನ್ನು ಕಂಡೆವು. ಪಾಂಡೇಸರಾದ ಬಣ್ಣದ ಮಿಲ್ಲುಗಳ ಚಿಮಣಿ ಕಾಣುವ ಎಂಟನೇ ಮಹಡಿ. ಮಗಳು, ಅಳಿಯ ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು. ಗೋಡೆಗೆ ನೀರು ಶುದ್ಧ ಮಾಡುವ ಯಂತ್ರ ಇತ್ತು. ಕಾಂತಾಬಾ ಅದರ ನೀರು ಕುಡಿಯುತ್ತಿದ್ದರು, ಔಷಧಿ ಕುಡಿಯುವವರ ಹಾಗೆ, ಒಂದೇ ಗುಟುಕಿಗೆ. ಅವರು ನನ್ನನ್ನು ಏನೂ ಕೇಳಲಿಲ್ಲ. ಗಿರಿಜಾಳನ್ನು ಕೇಳಿದ ಪ್ರಶ್ನೆ ನನಗೆ ಗುಜರಾತಿ ಬಾರದಿದ್ದರೂ ಅರ್ಥವಾಯಿತು, ಅದನ್ನೇ ದಿನಾ ಗಿರಿಜಾಳ ಬಾಯಿಂದ ಕನ್ನಡದಲ್ಲಿ ಕೇಳುತ್ತಿದ್ದೆನಲ್ಲ. ಮುಂದಿನ ವರ್ಷ ತೆಗೆಯುತ್ತಾರಂತೆ ಎಂದು ಗಿರಿಜಾ ಹೇಳಿದಳು. ಹೇಳುವಾಗ ನನ್ನ ಕಡೆ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ. ಅದು ಎರಡನೇ ಸಲ ನಾನು ಅವಳ ಬಾಯಲ್ಲಿ ಸುಳ್ಳು ಹೇಳಿಸಿದ್ದು, ಈ ಸಲ ಗೊತ್ತಿದ್ದೂ.

ಆ ಮುಂದಿನ ವರ್ಷ ಮಳೆಗಾಲಕ್ಕೆ ಮುಂಚೆ ನನಗೆ ರಾಯಪುರಕ್ಕೆ ವರ್ಗವಾಯಿತು. ಅಲ್ಲಿಗೆ ಮಗಳ ಫೋನು ಬಂತು, ಕಾಂತಾಬಾ ಹೋಗಿಬಿಟ್ಟರೆಂದು. ಗಿರಿಜಾ ಆವತ್ತು, ಅಲ್ಲಿಗೂ ಹೊತ್ತು ತಂದಿದ್ದ ಹಿತ್ತಾಳೆ ಕೊಡದ ತಳದಲ್ಲಿ ಆರದೆ ಉಳಿದಿದ್ದ ನೀರನ್ನು ಸೋಸಿ ಸ್ಟೀಲ್ ಬಾಟಲಿಗೆ ತುಂಬಿ, ಬಾಯಿ ಬಿಗಿಸಿ, ಕಪ್ಪು ಬಟ್ಟೆ ಸುತ್ತಿದಳು. ಗಿಡಕ್ಕೆ ಹುಯ್ಯಿ ಎನ್ನಲು ಹೊರಟವನು, ಅವಳ ಮುಖ ನೋಡಿ, ಬಟ್ಟೆಗೆ ಕಟ್ಟಲು ದಾರ ಹುಡುಕಿ ಕೊಟ್ಟೆ.

ಈಗ ಆ ಅಂಗಳದಲ್ಲಿ ನಿಂತಿದ್ದೆ. ಗಾಜು ಚೆನ್ನಾಗಿ ಕೂತಿದೆ, ಕೆಲಸ ಅಚ್ಚುಕಟ್ಟು. ಒಬ್ಬ ಗೈಡ್ ಗುಂಡಿ ಒತ್ತಿದ. ಟಾಂಕಾದೊಳಗೆ ಹಳದಿ ದೀಪ ಹತ್ತಿತು. ಒಣಗಿದ ಬಿಳಿ ಗೋಡೆ, ತಳದಲ್ಲಿ ಯಾರೋ ಹಾಕಿದ ಎರಡು ನಾಣ್ಯ. ಪಕ್ಕದಲ್ಲಿ ಒಂದು ಕಿಂಡಿ ಬಿಟ್ಟಿದ್ದಾರೆ, ಅದರಲ್ಲಿ ಬಗ್ಗಿ ಬಗ್ಗಿ ಜನ ತಮ್ಮ ಹೆಸರು ಕೂಗುತ್ತಿದ್ದರು. ಬಾಲಕನಾಗಿದ್ದ ಲೇಖಕರು ಇಲ್ಲಿಗೇ ಇಳಿದಿದ್ದರು ಎಂದು ಗೈಡ್ ಹೇಳಿದ. ನೀವೂ ಕೂಗಿ ಸರ್ ಎಂದ. ನಾನು ಗೋಡೆಯ ಕಡೆ ತಿರುಗಿದೆ.

ಗೋಡೆಯ ಮೇಲೆ ದೊಡ್ಡದೊಂದು ಫೋಟೊ. ಮಣೆಯ ಮೇಲೆ ಕೂತ ಮುದುಕಿ, ಕೈಯಲ್ಲಿ ಕನ್ನಡಿ, ಕನ್ನಡಿಯಿಂದ ಟಾಂಕಾಕ್ಕೆ ಇಳಿದ ಬಿಸಿಲಿನ ಕೋಲು. ನಾನು ವರದಿಗೆಂದು ತೆಗೆದದ್ದು. ಕೆಳಗೆ ಬರೆದಿದ್ದರು: 'ಟಾಂಕಾ ಶುಚಿಗೊಳಿಸುವ ಸಾಂಪ್ರದಾಯಿಕ ವಿಧಾನ'. ಹೆಸರು ಇರಲಿಲ್ಲ. ಇವರು ಕಾಂತಾಬಾ ಎಂದು ಗೈಡ್‌ಗೆ ಹೇಳಿದೆ. ಅವನು ನಗುತ್ತ, ಹೌದಾ ಸರ್, ಎಂದು ಮುಂದಿನ ಗುಂಪಿನ ಕಡೆ ತಿರುಗಿದ.

ಹೊರಗೆ ಬಂದಾಗ ಗಿರಿಜಾ ಎದುರುಮನೆಯ ಕಟ್ಟೆಯ ಮೇಲೆ, ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಆ ಮನೆಯ ಹೆಂಗಸೊಬ್ಬಳು ಅವಳ ಜೊತೆ ಮಾತಾಡುತ್ತಿದ್ದಳು. ನನ್ನನ್ನು ಕಂಡ ಕೂಡಲೇ ಗಿರಿಜಾ ಕೇಳಿದಳು.

"ಪೈಪ್ ತಗದಾರೇನ್ರಿ?"

"ಇಲ್ಲ."

ಅಷ್ಟರಲ್ಲಿ ಹನಿ ಬಿತ್ತು. ನೋಡುನೋಡುತ್ತಿದ್ದಂತೆ ಮಳೆ ಹಿಡಿದುಕೊಂಡಿತು. ಓಣಿಯ ಜನ ಒಣಹಾಕಿದ್ದ ಬಟ್ಟೆ ತೆಗೆಯಲು ಓಡಿದರು. ಸ್ವಲ್ಪ ಹೊತ್ತಿಗೆಲ್ಲ ಸ್ಮಾರಕದ ಗೋಡೆಯ ಬುಡದಲ್ಲಿ, ನಾನು ಸಹಿ ಹಾಕಿದ ಆ ಪೈಪಿನ ಬಾಯಿಂದ, ಮಾಳಿಗೆಯ ನೀರು ಭೋರೆಂದು ಚರಂಡಿಗೆ ಸುರಿಯತೊಡಗಿತು. ಗಿರಿಜಾ ಚೀಲದಿಂದ ಬಾಟಲಿ ತೆಗೆದು, ಬಟ್ಟೆ ಬಿಚ್ಚಿ, ಕಟ್ಟೆ ಇಳಿದು ಅದರ ಹತ್ತಿರ ಹೋಗಿ ನಿಂತಳು. ನಾನು ಕೊಡೆ ಹಿಡಿದೆ.

"ಅದೇ ಮಾಳಿಗಿ ನೀರು. ಇದರಾಗ ಒಂದೀಟು ಹಿಡ್ಕೋ," ಎಂದೆ. "ಹಳೇದು ಹೊಸಾದು ಕೂಡಿದಂಗ ಆಗ್ತದ. ಟಾಂಕಾದಾಗ ಆಗದಿದ್ರ ಬಾಟ್ಲ್ಯಾಗರ ಆಗಲಿ."

ಅವಳು ಮುಚ್ಚಳ ಅರ್ಧ ತಿರುಗಿಸಿದ್ದಳು. ಮಾಳಿಗೆಯ ಧೂಳು ತೊಳೆದು ಕೆಂಪಾಗಿ ಬರುತ್ತಿದ್ದ ನೀರನ್ನು ನೋಡಿದಳು.

"ಈ ವರ್ಷದ್ದು ಇದು ಮೊದಲನೇ ಮಳಿ ಅಂತ್ರಿ. ಎದುರುಮನಿ ಅಕ್ಕಾ ಈಗರ ಹೇಳಿದ್ರು," ಎಂದಳು. "ಮೊದಲನೇದು ತಗೋಬಾರದು."

ಸಂಜೆ ಆರಕ್ಕೆ ನಮ್ಮ ರೈಲು. ಮುಚ್ಚಳ ಬಿಗಿಸಿ, ಬಾಟಲಿಗೆ ಮತ್ತೆ ಕಪ್ಪು ಬಟ್ಟೆ ಸುತ್ತಿ, ಅವಳು ಅದನ್ನು ಚೀಲದೊಳಗೆ ಇಟ್ಟಳು.